ನಾಲ್ಕು ಬೆರಳು ಎತ್ತರದ ಟೈರು

ಗಂಗಾಧರಯ್ಯನ ಪಿಕಪ್ ಗಾಡಿಗೆ ಯಾವ ರೋಗವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಆಮೇಲೆ ನಡೆದದ್ದನ್ನೆಲ್ಲ ಕೇಳಿದವರು ‘ಪಾಪ, ಗಾಡಿ ಹಳೆಯದಿರಬೇಕು’ ಎಂದು ಅವನ ಪರ ವಹಿಸಿಬಿಡುತ್ತಾರೆ. ಹಾಗೇನಿಲ್ಲ. ಕಂಪನಿಯವರು ಹೇಗೆ ಕೊಟ್ಟಿದ್ದರೋ ಹಾಗೇ ಇತ್ತು. ಬಿಳಿ ಬಣ್ಣ, ಹಿಂದೆ ‘ಗೋಮಾತೆ ಕೃಪೆ’ ಎಂಬ ಹಸಿರು ಅಕ್ಷರ, ನಾಲ್ಕು ಟೈರು, ಒಂದು ಸ್ಟೆಪ್ನಿ. ಟೈರುಗಳು ಇನ್ನೂ ಎರಡು ವರ್ಷ ಓಡುವಷ್ಟು ಗಟ್ಟಿಯಾಗಿದ್ದವು. ರೋಗವಿದ್ದದ್ದು ಓಡಿಸುವವನಿಗೆ. ಅದೂ ಕನಸಿನ ರೋಗ.

ಗೊಟ್ಟಿಗೆರೆಯಿಂದ ಅಂಜನಾಪುರಕ್ಕೆ ಒಳದಾರಿ ಹಿಡಿದರೆ ಹೊಂಗೆಕಟ್ಟೆ ಎಂಬ ಕೆರೆ ಸಿಗುತ್ತದೆ. ಅದರ ಏರಿಯ ಮೇಲೇ ರಸ್ತೆ. ಗಂಗಾಧರಯ್ಯನ ತಾತ ಆ ಕೆರೆಯ ನೀರಗಂಟಿ. ತೂಬು ತೆಗೆದು, ತೂಬು ಮುಚ್ಚಿ, ಯಾರ ಗದ್ದೆಗೆ ಯಾವತ್ತು ಎಷ್ಟು ನೀರು ಎಂದು ಬಿಡುವ ಕೆಲಸ ಅವನದು. ಈಗ ಗದ್ದೆಗಳೆಲ್ಲ ಸೈಟಾಗಿ, ಸೈಟುಗಳ ಮೇಲೆ ಅಪಾರ್ಟ್‌ಮೆಂಟ್ ಎದ್ದು, ಮೊಮ್ಮಗನಿಗೆ ಉಳಿದದ್ದು ಬಾಡಿಗೆಗೆ ಕೊಟ್ಟ ಮೂರು ಮನೆ ಮತ್ತು ಹಿತ್ತಲಲ್ಲಿ ಎರಡು ಹಸು. ಹಸುಗಳ ಹುಲ್ಲಿಗೆಂದು ದಿನಾ ಬೆಳಗ್ಗೆ ಆರು ಗಂಟೆಗೆ ಪಿಕಪ್ ತೆಗೆದುಕೊಂಡು ಏರಿಯ ಮೇಲೆ ಹೋಗುತ್ತಿದ್ದ. ಎರಡು ಹಸುವಿನ ಹುಲ್ಲಿಗೆ ಅಷ್ಟು ದೊಡ್ಡ ಗಾಡಿ ಯಾಕಪ್ಪಾ ಎಂದರೆ, ಹುಲ್ಲು ಒಂದು ನೆಪ. ಹುಡುಗನಾಗಿದ್ದಾಗ ತಾತನ ಎತ್ತಿನ ಗಾಡಿಯಲ್ಲಿ, ನಾಲ್ಕು ಮಡಿಕೆ ಮಡಿಚಿದ ಗೋಣಿಚೀಲದ ಮೇಲೆ ತಾತನ ಪಕ್ಕ ಕೂತು, ಇದೇ ಏರಿಯ ಮೇಲೆ ನೀರು ನೋಡಿಕೊಂಡು ಹೋಗುತ್ತಿದ್ದವನು ಅವನು. ಈಗಲೂ ಹಾಗೇ ಹೋಗಬೇಕು. ಕೂತು, ನಿಧಾನಕ್ಕೆ, ಎಡಗಡೆ ನೀರು ನೋಡಿಕೊಂಡು.

ಹಾಗೆ ನೋಡಿದ ದಿನ ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಒರಗಿದರೆ ಸಾಕು, ಕೆರೆ ಕನಸಿನಲ್ಲಿ ಬರುತ್ತಿತ್ತು. ತುಂಬಿದ ಕೆರೆ, ಮೇಲೆ ಮಂಜು, ಮಂಜಿನೊಳಗೆ ತೂಬಿನ ಕಲ್ಲು, ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತ ತಾತ. ಮಾತಿಲ್ಲ ಕತೆಯಿಲ್ಲ. ಒಂದೂವರೆ ಗಂಟೆ ಅಷ್ಟೇ ಕನಸು. ಗಂಗಾಧರಯ್ಯನಿಗೆ ಜೀವನದಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಎರಡು ವರ್ಷದ ಕೆಳಗೆ ಕೆರೆ ಆಫೀಸಿನವರು ಏರಿಯುದ್ದಕ್ಕೂ ಗೋಡೆ ಎಬ್ಬಿಸಿದರು. ಸುಮ್ಮನೆ ಗೋಡೆಯಾಗಿದ್ದರೆ ಬಿಡಿ. ಒಳಗಿರುವ ಕೆರೆ ಹೊರಗಿನವರಿಗೆ ಕಾಣುವುದಿಲ್ಲವಲ್ಲ ಎಂಬ ಕರುಣೆಯಿಂದ ಗೋಡೆಯ ಮೇಲೆ ಒಂದು ಕೆರೆಯನ್ನೇ ಬರೆಸಿದರು. ಕಾಮನಬಿಲ್ಲಿನ ಆಕಾಶ, ನೀಲಿ ನೀರು, ಸಾಲಾಗಿ ಹಂಸಗಳು. ಒಂದೊಂದು ಹಂಸಕ್ಕೂ ಕಾಡಿಗೆ ತೀಡಿದಂಥ ಕಣ್ಣು, ತುಟಿಗೆ ಬಣ್ಣ ಹಚ್ಚಿದಂಥ ಕೊಕ್ಕು. ಆ ಕೆರೆಯಲ್ಲಿ ಸೃಷ್ಟಿಯಾದಾಗಿನಿಂದ ಒಂದು ಹಂಸವೂ ಇಳಿದದ್ದಿಲ್ಲ. ಮೊದಲ ವಾರ ಗಂಗಾಧರಯ್ಯ ಸಹಿಸಿಕೊಂಡ. ಎರಡನೆಯ ವಾರ ಕನಸಿನೊಳಗೆ ಗೋಡೆ ಬಂತು. ಮೂರನೆಯ ವಾರ ಹಂಸಗಳು ಬಂದವು. ನಾಲ್ಕನೆಯ ವಾರ ‘ಇಲ್ಲಿ ಕಸ ಹಾಕಬಾರದು’ ಎಂಬ ಬೋರ್ಡು ಬಂತು. ತಾತ ಗೋಡೆಯ ಆಚೆ ಉಳಿದುಬಿಟ್ಟ.

ಗೇಟಿನಿಂದ ಒಳಗೆ ಹೋಗಿ ನೋಡಬಹುದಿತ್ತು. ಹೋದ ಕೂಡ. ಗೇಟಿನಲ್ಲಿ ಕೂತಿದ್ದ ಹನುಮಯ್ಯ ಅವನ ಜೊತೆ ಅದೇ ಕೆರೆಯಲ್ಲಿ ಈಜು ಕಲಿತವನು. ಈಗ ಕಾವಲುಗಾರನ ಖಾಕಿ ತೊಟ್ಟು, ಮುಂದೆ ಒಂದು ರಿಜಿಸ್ಟರ್ ಇಟ್ಟುಕೊಂಡಿದ್ದ.

“ಹೆಸರು?” ಎಂದ ಹನುಮಯ್ಯ.

“ಲೇ ಹನುಮ, ನನ್ ಹೆಸ್ರು ನಿಂಗ್ ಗೊತ್ತಿಲ್ವೇನ್ಲಾ?”

“ನಂಗ್ ಗೊತ್ತೈತೆ ಗಂಗಣ್ಣ. ಬುಕ್ಕಿಗ್ ಗೊತ್ತಿಲ್ವಲ್ಲ.”

ಆ ರಿಜಿಸ್ಟರು ಅಪಾರ್ಟ್‌ಮೆಂಟಿನವರಿಗೆಂದು ಅಚ್ಚು ಹಾಕಿಸಿದ್ದು, ಕೆರೆ ಆಫೀಸಿನವರು ಅದನ್ನೇ ಕೊಂಡುತಂದಿದ್ದರು. ಎರಡನೆಯ ಕಾಲಮ್ಮಿನಲ್ಲಿ ‘ಯಾರನ್ನು ನೋಡಲು ಬಂದಿದ್ದೀರಿ’ ಎಂದಿತ್ತು.

“ಯಾರ್‌ನ ನೋಡಕ್ಕೆ ಬಂದಿದ್ದೀಯ ಗಂಗಣ್ಣ?”

“ಕೆರೇನ.”

“ಫ್ಲ್ಯಾಟ್ ನಂಬರು?”

“ಕೆರೆಗೆ ಎಲ್ಲಯ್ಯಾ ಫ್ಲ್ಯಾಟು?”

“ಖಾಲಿ ಬಿಡಂಗಿಲ್ಲ. ಎಲ್ರೂ ನೂರಾ ಒಂದು ಅಂತ ಬರೀತಾರೆ. ನೀನೂ ಅದನ್ನೇ ಬರಿ.”

ನೀರಗಂಟಿಯ ಮೊಮ್ಮಗ ತನ್ನ ಕೆರೆ ನೋಡಲು ಫ್ಲ್ಯಾಟ್ ನಂಬರ್ ನೂರಾ ಒಂದಕ್ಕೆ ಬಂದವನೆಂದು ಬರೆದು ಒಳಗೆ ಹೋಗುವುದೇ? ಪೆನ್ನು ಎಸೆದು ಬಂದ. ಪಿಕಪ್ಪಿನ ಹಿಂದಿನ ತೊಟ್ಟಿ ಹತ್ತಿ ನಿಂತು ಗೋಡೆಯ ಮೇಲಿಂದ ನೋಡಬಹುದಿತ್ತು. ಆದರೆ ಅದು ನೋಡುವುದಲ್ಲ, ಇಣುಕುವುದು. ಒಂದು ಸಲ ನಿಂತಾಗ ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ “ಏನ್ ಕಳ್ಕೊಂಡ್ರಿ ಸಾರ್?” ಎಂದು ಕೂಗು ಬಂತು. ಗಂಗಾಧರಯ್ಯ ಇಳಿದುಬಿಟ್ಟ. ಆಮೇಲೆ ಆ ಕಡೆ ಮುಖ ಎತ್ತಲಿಲ್ಲ.

ಕೂಗಿದವರು ಅನಂತಪದ್ಮನಾಭ. ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ, ಜಗತ್ತಿನಲ್ಲಿ ಏನೇನು ಕೆಡುಕು ಆಗಬಹುದು ಎಂಬುದನ್ನು ಪಟ್ಟಿ ಮಾಡಿ ನಿವೃತ್ತರಾದವರು. ಜಯನಗರದ ಹಳೆಯ ಮನೆ ಬಿಟ್ಟು ಇಲ್ಲಿಗೆ ಬಂದು, ಅಪಾರ್ಟ್‌ಮೆಂಟಿನ ಸಂಘಕ್ಕೆ ಅಧ್ಯಕ್ಷರಾಗಿ, ಹೊತ್ತು ಹೋಗದೆ ಊರಿನ ಚರಿತ್ರೆಯ ಬಗ್ಗೆ ಇಪ್ಪತ್ತು ಪುಟದ ಪುಸ್ತಕ ಬರೆದು ಹಂಚಿದ್ದರು. ಆ ಪುಸ್ತಕದ ಹದಿನಾಲ್ಕನೆಯ ಪುಟವನ್ನು ಮುಂದೆ ನೋಡೋಣ. ಎಲ್ಲ ಕೆಡುಕಿಗೂ ಅದೇ ಮೂಲ.

ಈಗ ಹಂಪಿನ ವಿಷಯ. ಸಂಕ್ರಾಂತಿ ಕಳೆದ ಮೇಲೆ ಯಾರೋ ಏರಿಯ ಮೇಲೆ ಒಂದು ಹಂಪು ಹಾಕಿದರು. ಮಂಜಿನಲ್ಲಿ ಗಂಗಾಧರಯ್ಯ ಅದನ್ನು ನೋಡದೆ ಹತ್ತಿಸಿದ. ಮುಂದಿನ ಗಾಲಿ ಎದ್ದಿತು. ಗಾಲಿಯ ಜೊತೆ ಗಂಗಾಧರಯ್ಯ ಎದ್ದ. ಗೋಡೆ ಕೆಳಗೆ ಜಾರಿತು. ರೆಪ್ಪೆ ಬಡಿಯುವಷ್ಟು ಹೊತ್ತು ನೀರು ಕಂಡಿತು. ಬೆಳ್ಳಿಯ ಒಂದು ಗೆರೆ, ಅದರ ಮೇಲೆ ಒಂಟಿ ಕೊಕ್ಕರೆ. ಆಮೇಲೆ ಗಾಲಿ ಇಳಿಯಿತು, ಹಂಸ ಬಂತು.

ಆ ದಿನ ಅವನು ಹಂಪಿನ ಮೇಲೆ ಹನ್ನೊಂದು ಸಲ ಹಿಂದಕ್ಕೂ ಮುಂದಕ್ಕೂ ಹೋದ. ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ ಅನಂತಪದ್ಮನಾಭ ಅವರು ಹನ್ನೊಂದನ್ನೂ ಎಣಿಸಿದರು. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಹಂಪು ಇರಲಿಲ್ಲ. ಹಾಕಿದವರು ಯಾರೆಂದು ಗೊತ್ತಾಗದ ಹಾಗೆಯೇ ತೆಗೆದವರು ಯಾರೆಂದೂ ಗೊತ್ತಾಗಲಿಲ್ಲ.

ಗಂಗಾಧರಯ್ಯ ಗಾಡಿ ನಿಲ್ಲಿಸಿ ಗೋಡೆಯ ಮುಂದೆ ಬಹಳ ಹೊತ್ತು ಕೂತ. ಅವನ ಕಣ್ಣಿನ ನೇರಕ್ಕೆ ಬಣ್ಣದ ಹಂಸದ ಕೊಕ್ಕಿತ್ತು. ಪಕ್ಕದ ಸೀಟಿಗೆ ಜರುಗಿ, ಎಡಗಡೆ ಕಿಟಕಿಯಿಂದ ಕೈ ಚಾಚಿ ಕೊಕ್ಕಿನಿಂದ ಗೋಡೆಯ ತಲೆಯವರೆಗೆ ಅಳೆದ. ಸರಿಯಾಗಿ ನಾಲ್ಕು ಬೆರಳು. ಆಗ ಅವನ ತಲೆಯಲ್ಲಿ ಒಂದು ದೀಪ ಹತ್ತಿತು. ರಸ್ತೆಯಲ್ಲಿ ಹಂಪಿಲ್ಲದಿದ್ದರೆ ಏನಂತೆ, ಹಂಪನ್ನು ಗಾಲಿಗೇ ಕಟ್ಟಿಕೊಂಡು ತಿರುಗಿದರಾಯಿತು!

ಜೆ.ಪಿ. ನಗರದ ಕಡೆಯ ರಿಂಗ್ ರೋಡಿನಲ್ಲಿ ಕೈಲಾಸ್‌ನ ಟೈರ್ ಅಂಗಡಿ. ಗಂಗಾಧರಯ್ಯ ಇಳಿದವನೇ, “ದೊಡ್ಡ ಟೈರ್ ಬೇಕು” ಎಂದ.

“ಯಾತಕ್ ಸಾರ್? ಲೋಡ್ ಜಾಸ್ತಿ ಹಾಕ್ತೀರಾ? ಇಲ್ಲ ಬೆಟ್ಟಗಿಟ್ಟ ಹತ್ತಿಸ್ತೀರಾ?”

“ಲೋಡು ಎರಡು ಕಟ್ಟು ಹುಲ್ಲು. ಬೆಟ್ಟ ಇಲ್ಲ.”

“ಓಹೋ, ಲುಕ್ಕಿಗಾ! ಹಂಗ್ ಹೇಳಿ ಸಾರ್.”

“ಲುಕ್ಕು ಅಂದ್ರೆ?”

“ನೋಡಕ್ಕೆ, ಸಾರ್.”

ಗಂಗಾಧರಯ್ಯನ ಮುಖ ಅರಳಿತು. “ಹೂಂ ಕಣಪ್ಪಾ, ನೋಡಕ್ಕೇ!” ಎಂದ. ಊರಿನಲ್ಲಿ ಒಬ್ಬನಾದರೂ ತನ್ನನ್ನು ಅರ್ಥ ಮಾಡಿಕೊಂಡನಲ್ಲ ಎಂದು ಅವನಿಗೆ ಕಣ್ಣು ತೇವವಾಯಿತು.

ಕೈಲಾಸ್ ಒಂದೊಂದೇ ಟೈರು ಉರುಳಿಸಿಕೊಂಡು ಬಂದ. ಮೊದಲನೆಯದು ಎರಡು ಬೆರಳು ದೊಡ್ಡದು. ಬೇಡ. ಎರಡನೆಯದು ಅಗಲವಿತ್ತು, ಎತ್ತರವಿಲ್ಲ. ಬೇಡ. ಮೂರನೆಯದಕ್ಕೆ ಮೈಯೆಲ್ಲ ಹಲಸಿನಕಾಯಿಯ ಹಾಗೆ ಮುಳ್ಳು. ಗಂಗಾಧರಯ್ಯ ಅದನ್ನು ತನ್ನ ಗಾಡಿಯ ಟೈರಿನ ಪಕ್ಕ ನಿಲ್ಲಿಸಿ, ಹಳೆಯದರ ನೆತ್ತಿಯ ಮೇಲೆ ಕೈಯಿಟ್ಟು ಅಳೆದ. ಸರಿಯಾಗಿ ನಾಲ್ಕು ಬೆರಳು.

“ಇದೇ ಆಗ್ಲಿ.”

“ಸಾರ್, ಒಂದ್ ಮಾತು. ನಿಮ್ ಗಾಡಿಗೆ ಕಂಪನಿ ಕೊಟ್ಟಿರೋದು ಇಪ್ಪತ್ತೆಂಟಿಂಚು. ಇದು ಮೂವತ್ತೊಂದು. ಫುಲ್ ಟರ್ನ್ ಹೊಡೆದ್ರೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಸ್ಟೇರಿಂಗ್ ಭಾರ ಆಗುತ್ತೆ. ಮೀಟರ್ ಸುಳ್ಳು ಹೇಳುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ…”

ಕೈಲಾಸ್‌ನ ಮಾತು ಗಂಗಾಧರಯ್ಯನ ಕಿವಿಯಲ್ಲಿ ತೂಬಿನಿಂದ ಬೀಳುವ ನೀರಿನ ಹಾಗೆ ಜುಳುಜುಳು ಎನ್ನುತ್ತಿತ್ತು. ಅವನಾಗಲೇ ಗೋಡೆಯ ಮೇಲಿದ್ದ.

ಮನೆಯ ಮುಂದೆ ಗಾಡಿ ಬಂದು ನಿಂತಾಗ ಹೆಂಡತಿ ಮುನಿಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ಬಂದಳು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ಒಂದು ಸುತ್ತು ಕೂರೋಣವೆಂದು ಸೀರೆ ಎತ್ತಿ ಕಾಲಿಟ್ಟರೆ ಕಾಲು ಮೆಟ್ಟಿಲಿಗೆ ಎಟುಕಲಿಲ್ಲ.

“ಇದೇನ್ ಗಾಡಿನೋ, ಅಟ್ಟಾನೋ? ಹತ್ತಕ್ ಏಣಿ ಬೇಕಲ್ಲ!”

“ಹಾಲ್ ಕರೆಯೋ ಸ್ಟೂಲ್ ತಗೊಂಬಾ.”

“ಯಾಕೆ ಹಿಂಗ್ ಎತ್ತರ ಮಾಡ್ಸಿದ್ರಿ?”

ಗಂಗಾಧರಯ್ಯ ಹೇಳಬಹುದಿತ್ತು. ಆದರೆ ಅರವತ್ತೆರಡು ವರ್ಷದ ಗಂಡಸು, ಮೂರು ಮನೆಯ ಯಜಮಾನ, ‘ಕನಸು ಬೀಳುತ್ತಿಲ್ಲ, ಅದಕ್ಕೆ ಟೈರ್ ಹಾಕಿಸಿದೆ’ ಎಂದು ಬಾಯಿ ಬಿಟ್ಟು ಹೇಗೆ ಹೇಳಿಯಾನು? “ಸುಮ್ನೆ” ಎಂದ.

ಆ ‘ಸುಮ್ನೆ’ಯನ್ನು ಹಾಲಿಗೆಂದು ಬಂದಿದ್ದ ಹನುಮಯ್ಯ ಕೇಳಿಸಿಕೊಂಡ. ಕೇಳಿಸಿಕೊಂಡವನು ಹಾಲಿನ ಚೊಂಬನ್ನು ಅಲ್ಲೇ ಜಗಲಿಯ ಮೇಲಿಟ್ಟ.

ಈಗ ಹದಿನಾಲ್ಕನೆಯ ಪುಟ ತೆಗೆಯಬೇಕು. ಹೊಂಗೆಕಟ್ಟೆಯಲ್ಲಿ ಹಿಂದಿನಿಂದ ಒಂದು ಕಟ್ಟಳೆ ಇತ್ತು. ಕೆರೆ ಕೋಡಿ ಬೀಳುತ್ತದೆ, ಊರಿಗೆ ನೀರು ನುಗ್ಗುತ್ತದೆ ಎಂದು ನೀರಗಂಟಿ ಬಾಯಿಂದ ಎಂದೂ ಹೇಳುತ್ತಿರಲಿಲ್ಲ. ಹೇಳಿದರೆ ಅಪಶಕುನ. ಅವನು ಮಾಡುತ್ತಿದ್ದುದು ಇಷ್ಟೇ: ಸದ್ದಿಲ್ಲದೆ ತನ್ನ ಹಿತ್ತಲಿನ ಹುಲ್ಲು ಬಣವೆಯ ಕೆಳಗೆ ಕಲ್ಲು ಕೊಟ್ಟು ನಾಲ್ಕು ಬೆರಳು ಎತ್ತರಿಸುತ್ತಿದ್ದ. ಅದನ್ನು ನೋಡಿ ಊರಿನವರೂ ಸದ್ದಿಲ್ಲದೆ ತಮ್ಮ ತಮ್ಮ ಬಣವೆ ಎತ್ತರಿಸುತ್ತಿದ್ದರು. ಯಾಕೆಂದು ಯಾರೂ ಕೇಳುವಂತಿಲ್ಲ. ಕೇಳಿದರೂ ನೀರಗಂಟಿ ‘ಸುಮ್ನೆ’ ಎನ್ನಬೇಕು. ಅಪಾಯ ಕಳೆದ ಮೇಲೆ ಅವನು ಕಲ್ಲು ತೆಗೆದು ಬಣವೆ ಇಳಿಸುತ್ತಿದ್ದ, ಊರೂ ಇಳಿಸುತ್ತಿತ್ತು. ಈ ಕಟ್ಟಳೆಯನ್ನು ಅನಂತಪದ್ಮನಾಭ ಅವರಿಗೆ ಹೇಳಿ ಬರೆಸಿದವನೇ ಹನುಮಯ್ಯ.

ಹನುಮಯ್ಯ ಗಾಡಿಯ ಸುತ್ತ ಒಂದು ಸುತ್ತು ಬಂದ. ಯಾರೂ ನೋಡದಾಗ ಗೋಡೆಗೆ ಒರಗಿಸಿದ್ದ ಹಳೆಯ ಟೈರಿನ ಮೇಲೆ ಕೈಯಿಟ್ಟು ಹೊಸದನ್ನು ಅಳೆದ. ನಾಲ್ಕು ಬೆರಳು. ಮಾತಾಡದೆ ಹೋಗಿ ಕಾವಲುಮನೆಯ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟ.

ಇತ್ತ ಗಂಗಾಧರಯ್ಯ ಮರುದಿನ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಮದುವೆಗೆ ಹೊರಟವನಂತೆ ಹೊರಟ. ಮಂಜು ಹಾಲಿನ ಕೆನೆಯ ಹಾಗೆ ಏರಿಯ ಮೇಲೆ ಕೂತಿತ್ತು. ಎತ್ತರದ ಸೀಟಿನಲ್ಲಿ ಲೋಕವೇ ಬೇರೆ ಕಂಡಿತು. ಸ್ಕೂಟರಿನವರ ನೆತ್ತಿ ಕಂಡಿತು, ಕಾರುಗಳ ಛಾವಣಿ ಕಂಡಿತು. ಏರಿ ಬಂತು. ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಹತ್ತು ಎಣಿಸಿ, ಎಡಕ್ಕೆ ತಿರುಗಿ ಕಣ್ಣು ಬಿಟ್ಟ.

ಹಂಸದ ಕಣ್ಣು. ಕಾಡಿಗೆ ತೀಡಿದ ಕಣ್ಣು ಅವನನ್ನೇ ನೋಡುತ್ತಿತ್ತು. ನಿನ್ನೆ ಕೊಕ್ಕಿನ ಮಟ್ಟಕ್ಕಿದ್ದವನು ಇವತ್ತು ಕಣ್ಣಿನ ಮಟ್ಟಕ್ಕೆ ಬಂದಿದ್ದ. ಗೋಡೆಯ ತಲೆ ಇನ್ನೂ ಎರಡು ಬೆರಳು ಮೇಲಿತ್ತು.

ಹುಲ್ಲಿಗೂ ಹೋಗದೆ ನೇರ ಕೈಲಾಸ್‌ನ ಅಂಗಡಿಗೆ ಹೋದ.

“ಏನಪ್ಪಾ, ಮೋಸ ಮಾಡ್ಬಿಟ್ಟೆ! ನಾಲ್ಕ್ ಬೆರಳು ಕೊಡ್ತೀನಿ ಅಂದು ಎರಡೇ ಕೊಟ್ಟಿದ್ದೀಯ. ಇನ್ನೆರಡು ಎಲ್ಲಿ?”

ಕೈಲಾಸ್‌ಗೆ ಅರ್ಥವಾಗಲು ಒಂದು ಟೀ ಬೇಕಾಯಿತು. ಅರ್ಥವಾದ ಮೇಲೆ ಟೈರಿನ ನಡುವೆ ಬೆರಳಿಟ್ಟು ತೋರಿಸಿದ. “ಗಾಡಿ ಕೂತಿರೋದು ಇಲ್ಲಿ ಸಾರ್, ನಟ್ಟನಡುವೆ. ಟೈರ್ ದೊಡ್ಡದಾದ್ರೆ ಕೆಳಗಿನ ಅರ್ಧ ಮಾತ್ರ ಗಾಡೀನ ಎತ್ತುತ್ತೆ. ಮೇಲಿನ ಅರ್ಧ ಸುಮ್ನೆ ಮೇಲಕ್ಕೆ ಹೋಗುತ್ತೆ.”

“ಮೇಲಕ್ ಹೋಗಿ ಏನ್ ಮಾಡುತ್ತೆ?”

“ಏನೂ ಮಾಡಲ್ಲ ಸಾರ್.”

“ಏನೂ ಮಾಡ್ದೇ ಇರೋ ಎರಡು ಬೆರಳನ್ನ ಯಾಕ್ ಕೊಟ್ಟೆ?”

“ಗಾಲಿ ದುಂಡಗಿರ್ಬೇಕಲ್ಲ ಸಾರ್!”

ಹಾಗಾದರೆ ಇನ್ನೂ ನಾಲ್ಕು ಬೆರಳು ದೊಡ್ಡ ಟೈರು ಹಾಕು ಎಂದು ಗಂಗಾಧರಯ್ಯ ಹೇಳಿದರೆ, ಗಾಡಿಯೊಳಗೆ ಹಿಡಿಸುವುದಿಲ್ಲ ಎಂದ ಕೈಲಾಸ್. ಮಂಕಾಗಿ ವಾಪಸು ಬರುವಾಗ ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ಗರ್ರ್ ಎಂದು ಗೊರಕೆ ಹೊಡೆಯಿತು. ಪಕ್ಕದ ಸೀಟಿನಲ್ಲಿ ಹುಲ್ಲು ತುಂಬುವ ಖಾಲಿ ಗೋಣಿಚೀಲಗಳು ಆ ಕಡೆ ಈ ಕಡೆ ತೂಗಾಡಿದವು.

ಊರಿಗೆ ಬಂದರೆ ಊರು ಎತ್ತರವಾಗಿತ್ತು.

ಇಸ್ತ್ರಿ ಅಂಗಡಿಯ ತಳ್ಳುಗಾಡಿ ಇಟ್ಟಿಗೆಯ ಮೇಲೆ ನಿಂತಿತ್ತು. ದಿನಸಿ ಅಂಗಡಿಯ ಅಕ್ಕಿ ಮೂಟೆಗಳು ಮೇಲಿನ ಹಲಗೆ ಹತ್ತಿದ್ದವು. ಮುನೇಶ್ವರನ ಗುಡಿಯ ಹುಂಡಿ ಕಿಟಕಿಯ ಮೇಲೆ ಕೂತಿತ್ತು. ಜನ ಅವನನ್ನು ಕಂಡು ಕೈ ಮುಗಿಯುತ್ತಿದ್ದರು, ಆದರೆ ಯಾರೂ ಮಾತಾಡುತ್ತಿರಲಿಲ್ಲ. ಏನಾಗಿದೆಯೆಂದು ಅವನಿಗೆ ತಿಳಿಯಲಿಲ್ಲ. ಮನೆಗೆ ಬಂದು ನೋಡಿದರೆ ಮುನಿಲಕ್ಷ್ಮಮ್ಮ ರಾಗಿಯ ಡ್ರಮ್ಮನ್ನು ಬಾಡಿಗೆಯವರಿಂದ ಹೊರಿಸಿ ಅಟ್ಟಕ್ಕೆ ಏರಿಸಿದ್ದಳು.

“ಯಾಕೇ, ರಾಗಿ ಮೇಲಿಟ್ಟೆ?”

“ಸುಮ್ನೆ” ಎಂದಳು ಮುನಿಲಕ್ಷ್ಮಮ್ಮ, ನೆಲ ನೋಡುತ್ತ.

ಆ ‘ಸುಮ್ನೆ’ ಕೇಳಿದ್ದೇ ಗಂಗಾಧರಯ್ಯ ಹೊಸ್ತಿಲಲ್ಲೇ ನಿಂತುಬಿಟ್ಟ. ಚಿಕ್ಕಂದಿನಲ್ಲಿ ತಾತನ ಬಾಯಲ್ಲಿ ಕೇಳಿದ್ದ ಮಾತು! ಇಡೀ ಊರು ಎತ್ತಿಡುತ್ತಿದೆ, ಹೆಂಡತಿಯೂ ಎತ್ತಿಟ್ಟಿದ್ದಾಳೆ, ಅಂದರೆ ಕೆರೆಯಲ್ಲಿ ಏನೋ ಇದೆ. ಎಲ್ಲರಿಗೂ ಗೊತ್ತಾಗಿದೆ, ಎರಡು ವರ್ಷದಿಂದ ನೀರನ್ನು ನೆಟ್ಟಗೆ ನೋಡದ ತನಗೆ ಮಾತ್ರ ಗೊತ್ತಾಗಿಲ್ಲ. ಅವನು ತಡಮಾಡಲಿಲ್ಲ. ಹಿತ್ತಲಿಗೆ ಹೋಗಿ ಹಸುಗಳ ಒಣಹುಲ್ಲಿನ ಕೆಳಗೆ ಕಲ್ಲು ಕೊಟ್ಟು ನಾಲ್ಕು ಬೆರಳು ಎತ್ತರಿಸಿದ.

ಅದನ್ನು ಬೇಲಿಯಾಚೆಯಿಂದ ಹನುಮಯ್ಯ ನೋಡಿದ. ಅಲ್ಲಿಗೆ ಮುಗಿಯಿತು.

ಸಂಜೆಯೊಳಗೆ ಹದಿನಾಲ್ಕನೆಯ ಪುಟದ ಫೋಟೋ ಅಪಾರ್ಟ್‌ಮೆಂಟಿನ ಎಂಬತ್ತು ಮನೆಯ ಫೋನಿಗೂ ಹೋಯಿತು. ಅನಂತಪದ್ಮನಾಭ ಅವರು ತುರ್ತು ಸಭೆ ಕರೆದರು. “ನಾನು ಕಣ್ಣಾರೆ ನೋಡಿದ್ದೀನಿ ಕಣ್ರೀ. ಹನ್ನೊಂದು ಸಲ ಕೆರೆ ಕಡೆ ನೋಡಿದಾರೆ. ಗೋಡೆ ಅಳೆದಿದಾರೆ. ಟೈರ್ ಎತ್ತರ ಮಾಡ್ಸಿದಾರೆ. ಈಗ ಹುಲ್ಲು ಎತ್ತಿದಾರೆ. ಇನ್ನೇನ್ ಬೇಕು?”

ಒಬ್ಬ ಹೆಂಗಸು ಎದ್ದು, “ಅಂಕಲ್, ಫೆಬ್ರವರಿ ಇದು. ಎರಡು ತಿಂಗಳಿಂದ ಒಂದು ಮೋಡಾನೂ ಇಲ್ಲ” ಎಂದಳು.

“ಅದೇ ಭಯ! ಮೋಡ ಇದ್ದಿದ್ರೆ ನಮಗೂ ಗೊತ್ತಾಗ್ತಿತ್ತಲ್ಲಮ್ಮ, ನೀರಗಂಟಿ ಯಾಕೆ ಬೇಕಿತ್ತು?”

ಬೆಳಗಾಗುವಷ್ಟರಲ್ಲಿ ನೆಲಮಾಳಿಗೆಯ ಕಾರುಗಳೆಲ್ಲ ಎತ್ತರದ ಜಾಗಕ್ಕೆಂದು ಏರಿಯ ಮೇಲೆ ಬಂದು, ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಹುಲ್ಲಿಗೆ ಹೊರಟ ಗಂಗಾಧರಯ್ಯನಿಗೆ ಗೋಡೆಯ ಹತ್ತಿರಕ್ಕೂ ಹೋಗಲಾಗಲಿಲ್ಲ. ದೂರದಿಂದ ಹಂಸಗಳು ಕಾರುಗಳ ಮೇಲೆ ಈಜುವಂತೆ ಕಾಣುತ್ತಿದ್ದವು. ಅವನು ತಿರುಗಿ ಹೋಗೋಣವೆಂದು ಸ್ಟೇರಿಂಗ್ ತಿರುಗಿಸಿದ. ಗರ್ರ್ ಎಂದಿತು. ಮಂಜಿನಲ್ಲಿ ಆ ಸದ್ದು ಕೇಳಿ ಎರಡನೆಯ ಮಹಡಿಯಿಂದ ಯಾರೋ, “ಏರಿ ಬಿರುಕು ಬಿಡ್ತಿದೆ!” ಎಂದು ಕೂಗಿದರು.

ಹತ್ತು ಗಂಟೆಗೆ ಕೆರೆ ಆಫೀಸಿನ ಎಂಜಿನಿಯರ್ ವನಿತಾ ಮೇಡಂ ಜೀಪಿನಲ್ಲಿ ಬಂದರು. ಕೈಯಲ್ಲಿ ಅಳತೆ ಕೋಲು, ಮುಖದಲ್ಲಿ ಮೂವತ್ತು ಫೋನ್ ಕರೆಗಳ ಸಿಟ್ಟು. ಗೇಟಿನಲ್ಲಿ ಹನುಮಯ್ಯ ಅವರಿಗೂ ರಿಜಿಸ್ಟರ್ ಹಿಡಿದ. ಅವರು ‘ನೂರಾ ಒಂದು’ ಎಂದು ಬರೆದು ಒಳಗೆ ಹೋಗಿ, ಬೂಟು ಒದ್ದೆ ಮಾಡಿಕೊಂಡು ಹೊರಗೆ ಬಂದರು. ಏರಿಯ ಮೇಲೆ ಜನ ಜಾತ್ರೆಯಾಗಿ ಸೇರಿ, ಬೆಳಗಿನಿಂದ ಪಿಕಪ್ಪನ್ನು ಕದಲಲು ಬಿಡದೆ ಸುತ್ತುವರಿದಿದ್ದರು.

“ಒಂದೂವರೆ ಅಡಿ ನೀರಿದೆ” ಎಂದರು ಮೇಡಂ. “ಕೊಕ್ಕರೆ ನಡ್ಕೊಂಡ್ ದಾಟ್ತಿದೆ. ಎಲ್ಲರೂ ಮನೆಗ್ ಹೋಗಿ.”

ಯಾರೂ ಕದಲಲಿಲ್ಲ.

“ಗಂಗಣ್ಣನ ತಾತನ ಕಾಲದಲ್ಲೂ ಆಫೀಸರು ಹಿಂಗೇ ಅಂದಿದ್ರು ಮೇಡಂ. ಆಮೇಲ್ ಕೋಡಿ ಬಿತ್ತು” ಎಂದ ಹನುಮಯ್ಯ.

“ರೀ, ನೀವು ನಮ್ಮ ಇಲಾಖೆ ಸಂಬಳ ತಗೊಳ್ಳೋರು!”

“ಸಂಬಳ ನಿಮ್ದು ಮೇಡಂ. ಕೆರೆ ಗಂಗಣ್ಣಂದು.”

ವನಿತಾ ಮೇಡಂ ಪಿಕಪ್ಪಿನ ಕಡೆ ತಿರುಗಿದರು. ಗಂಗಾಧರಯ್ಯ ಎತ್ತರದ ಸೀಟಿನಲ್ಲಿ, ಮೆರವಣಿಗೆಯಲ್ಲಿ ಕೂರಿಸಿದ ಮದುಮಗನಂತೆ, ಇಳಿಯಲೂ ತೋಚದೆ ಕೂತಿದ್ದ. “ಸಾರ್, ಅಪಾಯ ಇಲ್ಲ ಅಂತ ನೀವೇ ಇವ್ರಿಗೆ ಹೇಳಿ.”

“ಅಪಾಯ ಇಲ್ಲ” ಎಂದ ಗಂಗಾಧರಯ್ಯ. ಕೊಕ್ಕರೆ ನಡೆದುಕೊಂಡು ದಾಟುತ್ತಿದೆ ಎಂದು ಕೇಳಿ ಅವನಿಗೂ ಜೀವ ಬಂದಿತ್ತು.

ಜನರ ಮುಖ ಇನ್ನೂ ಕಪ್ಪಿಟ್ಟಿತು. ಅನಂತಪದ್ಮನಾಭ ಅವರು ಪುಸ್ತಕ ತೆಗೆದು, “ನೋಡಿ, ಇಲ್ಲೇ ಬರೆದಿದೆ. ಅಪಾಯ ಇದೆ ಅಂತ ನೀರಗಂಟಿ ಬಾಯಿ ಬಿಟ್ಟು ಹೇಳೋ ಹಾಗಿಲ್ಲ. ಅವರು ಬಾಯಲ್ಲಿ ಹೇಳಿದ್ರೆ ಆಗಲ್ಲ ಮೇಡಂ, ಇಳಿಸ್ಬೇಕು. ಟೈರ್ ಇಳಿಸಿದ್ರೆ ನಾವೂ ಕಾರ್ ಇಳಿಸ್ತೀವಿ” ಎಂದರು.

“ಅಷ್ಟೇ ತಾನೆ? ಸಾರ್, ದಯವಿಟ್ಟು ಹಳೇ ಟೈರ್ ಹಾಕಿಸ್ಬಿಡಿ. ಇವತ್ತೇ.”

ಇನ್ನೂರು ಕಣ್ಣುಗಳು ಗಂಗಾಧರಯ್ಯನ ಮೇಲೆ ನೆಟ್ಟವು. ಎದುರಿಗೆ ಹಂಸವೂ ನೋಡುತ್ತಿತ್ತು. ಹಳೆಯ ಟೈರು ಹಾಕಿದರೆ ಮತ್ತೆ ಕೊಕ್ಕಿನ ಮಟ್ಟ. ಸಿಕ್ಕ ಎರಡು ಬೆರಳೂ ಹೋಯಿತು. ಇನ್ನು ಈ ಜನ್ಮದಲ್ಲಿ ನೀರಿಲ್ಲ, ತಾತನಿಲ್ಲ, ಜಗಲಿಯ ಮೇಲೆ ಬರೀ ಗೊರಕೆ.

“ಆಗಲ್ಲ” ಎಂದ.

“ಯಾಕ್ ಆಗಲ್ಲ?”

“ಸು…” ಎಂದು ಶುರು ಮಾಡಿದವನನ್ನು ಮುನಿಲಕ್ಷ್ಮಮ್ಮ ತಡೆದಳು. ಸ್ಟೂಲು ಹಿಡಿದುಕೊಂಡೇ ಬಂದಿದ್ದಳು. “ಸುಮ್ನೆ ಅಂದ್ರೆ ನೋಡಿ! ಆ ಡ್ರಮ್ ಹೊತ್ತು ಬಾಡಿಗೆಯೋರ್ ಸೊಂಟ ಹಿಡ್ಕೊಂಡೈತೆ. ಬಾಯ್ ಬಿಟ್ಟು ಹೇಳಿ.”

ಗಂಗಾಧರಯ್ಯ ಸ್ಟೇರಿಂಗ್ ನೋಡಿಕೊಂಡು ಮೆಲ್ಲಗೆ ಹೇಳಿದ. “ನೀರ್ ಕಾಣ್ತಿರ್ಲಿಲ್ಲ ಮೇಡಮ್ಮೋರೆ. ನಾಲ್ಕ್ ಬೆರಳು ಅಡ್ಡ ಇತ್ತು. ದಿನಾ ಬೆಳಿಗ್ಗೆ ಇಲ್ಲಿಂದ ನೀರ್ ನೋಡಿದ್ರೆ ಮಧ್ಯಾಹ್ನ ನಿದ್ದೇಲಿ ನಮ್ ತಾತ ಬರ್ತಿದ್ದ. ಈಗ ಬರೀ ಈ ಬಾತುಕೋಳಿಗಳು ಬರ್ತಾವೆ.”

ಮಂಜು ಕರಗಿ ಬಿಸಿಲು ಬರುತ್ತಿತ್ತು. ಗೋಡೆಯಾಚೆ ಯಾವುದೋ ಹಕ್ಕಿ ನೀರಿಗೆ ಬಿದ್ದು ಎದ್ದ ಸದ್ದು ಎಲ್ಲರಿಗೂ ಕೇಳಿಸಿತು. ಅನಂತಪದ್ಮನಾಭ ಅವರು ಪುಸ್ತಕ ಮುಚ್ಚಿದರು.

“ಅದಕ್ಕೆ ಟೈರ್ ಹಾಕ್ಸಿದ್ರಾ?” ಎಂದರು ವನಿತಾ ಮೇಡಂ.

“ಅದೂ ಅರ್ಧಾನೇ ಎತ್ತುತ್ತೆ ಮೇಡಮ್ಮೋರೆ. ಗಾಲಿ ದುಂಡಗೈತಲ್ಲ.”

ಮೇಡಂ ನಗಲಿಲ್ಲ. ಗಂಗಾಧರಯ್ಯನನ್ನು ಇಳಿಸಿ, ಮುನಿಲಕ್ಷ್ಮಮ್ಮನ ಸ್ಟೂಲಿನ ಮೇಲೆ ಕಾಲಿಟ್ಟು ತಾವೇ ಡ್ರೈವರ್ ಸೀಟು ಹತ್ತಿ ಎಡಕ್ಕೆ ನೋಡಿದರು. “ನನಗೆ ಹಂಸದ ಹೊಟ್ಟೆ ಕಾಣ್ತಿದೆ” ಎಂದರು. ಇಳಿದು, ಜೀಪಿನಿಂದ ಫೈಲು ತರಿಸಿ, ಅಳತೆ ಕೋಲನ್ನು ಗೋಡೆಗೆ ಹಚ್ಚಿದರು. ಫೈಲು ನೋಡಿದರು, ಕೋಲು ನೋಡಿದರು, ಮತ್ತೆ ಫೈಲು ನೋಡಿದರು.

“ಇದು ಒಂದು ವರಸೆ ಬ್ಲಾಕು ಜಾಸ್ತಿ ಕಟ್ಟಿದಾರಲ್ಲ! ಎಂಟಿಂಚು! ಯಾಕ್ರೀ ಹನುಮಯ್ಯ?”

“ಚಿತ್ರ ಬರೆಯೋರು ಹಂಸದ ಕತ್ತಿಗೆ ಜಾಗ ಸಾಲಲ್ಲ ಅಂದ್ರು ಮೇಡಂ. ಮೇಸ್ತ್ರಿ ಇನ್ನೊಂದು ವರಸೆ ಇಟ್ಬಿಟ್ಟ.”

ವನಿತಾ ಮೇಡಂ ಫೈಲು ಮುಚ್ಚಿ ಗಂಗಾಧರಯ್ಯನ ಕಡೆ ನೋಡಿದರು. “ನೀವು ಟೈರ್ ಇಳಿಸಿ ಸಾರ್. ನಾನು ಗೋಡೆ ಇಳಿಸ್ತೀನಿ.”

ಶುಕ್ರವಾರ ಕೈಲಾಸ್ ಜಾಕು ಹಿಡಿದು ಊರಿಗೇ ಬಂದ. ಹಳೆಯ ಟೈರುಗಳು ಹತ್ತಿ, ಜಾಕು ಇಳಿಯುತ್ತಿದ್ದ ಹಾಗೆ ನೆರೆದಿದ್ದ ಊರೆಲ್ಲ ಉಸಿರು ಬಿಟ್ಟಿತು. ಹುಂಡಿ ಇಳಿಯಿತು, ಅಕ್ಕಿ ಇಳಿಯಿತು, ಇಸ್ತ್ರಿ ಗಾಡಿ ಇಳಿಯಿತು, ಕಾರುಗಳು ನೆಲಮಾಳಿಗೆಗೆ ಇಳಿದವು. ರಾಗಿ ಡ್ರಮ್ ಮಾತ್ರ ಇಳಿಯಲಿಲ್ಲ. ಬಾಡಿಗೆಯವರು ಊರಿಗೆ ಹೋಗಿದ್ದರು. ದೊಡ್ಡ ಟೈರುಗಳನ್ನು ಕೈಲಾಸ್ ವಾಪಸು ತೆಗೆದುಕೊಳ್ಳಲಿಲ್ಲ. ಹಿತ್ತಲಲ್ಲಿ ನಾಲ್ಕನ್ನೂ ಮಲಗಿಸಿ ಮುನಿಲಕ್ಷ್ಮಮ್ಮ ಅವುಗಳಲ್ಲಿ ದೊಡ್ಡಪತ್ರೆ ಹಾಕಿದಳು.

ಮುಂದಿನ ವಾರ ಗೋಡೆಯ ಮೇಲಿನ ವರಸೆ ಹೋಯಿತು. ಅದರ ಜೊತೆ ಹಂಸಗಳ ತಲೆಯೂ ಹೋಯಿತು. ಈಗ ಏರಿಯುದ್ದಕ್ಕೂ ತಲೆಯಿಲ್ಲದ ಬಿಳಿ ಕತ್ತುಗಳು ಸಾಲಾಗಿ ನಿಂತಿವೆ. ಅವುಗಳ ಮೇಲೆ, ತಲೆ ಇರಬೇಕಾದ ಜಾಗದಲ್ಲಿ, ನೀರು.

ಮೊದಲ ದಿನ ಗಂಗಾಧರಯ್ಯ ಕಂಪನಿ ಕೊಟ್ಟ ಟೈರಿನ ಮೇಲೆ, ಕಂಪನಿ ಕೊಟ್ಟ ಸೀಟಿನಲ್ಲಿ ಕೂತು, ನಡಿಗೆಗಿಂತ ನಿಧಾನಕ್ಕೆ ಏರಿ ದಾಟಿದ. ಹಿಂದೆ ಒಂಬತ್ತು ವಾಹನ ನಿಂತಿದ್ದವು. ಯಾರೂ ಹಾರ್ನ್ ಹೊಡೆಯಲಿಲ್ಲ, ಅವರೂ ಎಡಕ್ಕೇ ನೋಡುತ್ತಿದ್ದರು. ಬಾಲ್ಕನಿಯಿಂದ ಅನಂತಪದ್ಮನಾಭ ಅವರು, “ಸಿಕ್ತಾ ಸಾರ್?” ಎಂದು ಕೂಗಿದರು. ಗಂಗಾಧರಯ್ಯ ಕೈಯೆತ್ತಿದ.

ಅವತ್ತು ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಒರಗಿದ. ಕೆರೆ ಬಂತು. ತುಂಬಿದ ಕೆರೆ, ಮೇಲೆ ಮಂಜು. ಗೋಡೆಯಿಲ್ಲ, ಬೋರ್ಡಿಲ್ಲ, ರಿಜಿಸ್ಟರಿಲ್ಲ. ತೂಬಿನ ಕಲ್ಲಿನ ಮೇಲೆ ತಾತ ಬೆನ್ನು ತಿರುಗಿಸಿ ಕೂತಿದ್ದ. ಇಷ್ಟು ವರ್ಷದಲ್ಲಿ ಒಂದು ದಿನವೂ ತಿರುಗದ ತಾತ ಅವತ್ತು ನಿಧಾನಕ್ಕೆ ತಿರುಗಿದ. ಮೊಮ್ಮಗನನ್ನು ನೋಡಿದ. ಮಂಜಿನಲ್ಲಿ ನಿಂತಿದ್ದ ಪಿಕಪ್ಪನ್ನು ನೋಡಿದ. ಆಮೇಲೆ ತಾನು ಕೂತಿದ್ದದ್ದನ್ನು ಒಮ್ಮೆ ತಟ್ಟಿ ತೋರಿಸಿದ. ನಾಲ್ಕು ಮಡಿಕೆ ಮಡಿಚಿದ ಗೋಣಿಚೀಲ. ಸರಿಯಾಗಿ ನಾಲ್ಕು ಬೆರಳು.

“ಇದನ್ನ ಹಾಕ್ಕೊಂಡ್ ಕೂತಿದ್ರೆ ಆಗ್ತಿರ್ಲಿಲ್ವೇನ್ಲಾ, ಗಂಗ?”

ಗಂಗಾಧರಯ್ಯ ಧಡಕ್ಕನೆ ಎದ್ದು ಕೂತ. ಅಂಗಳದಲ್ಲಿ ನಿಂತಿದ್ದ ಗಾಡಿಯ ಕಿಟಕಿಯಿಂದ, ಪಕ್ಕದ ಸೀಟಿನಲ್ಲಿ ಬಿದ್ದಿದ್ದ ಗೋಣಿಚೀಲಗಳು ಕಾಣುತ್ತಿದ್ದವು.

“ಏನ್ ಕನಸ್ ಬಿತ್ತು? ತಾತ ಬಂದ್ರಾ?” ಎಂದು ಮುನಿಲಕ್ಷ್ಮಮ್ಮ ಒಳಗಿನಿಂದ ಕೇಳಿದಳು.

“ಬಂದ್ರು.”

“ಏನಂದ್ರು?”

“ಏನಿಲ್ಲ” ಎಂದು ಗಂಗಾಧರಯ್ಯ ಗೋಡೆಯ ಕಡೆ ಮಗ್ಗುಲಾದ. “ಟೈರ್ ಸಖತ್ತಾಗೈತೆ ಅಂದ್ರು.”